ದೇಹಜ ಕ್ರಿಮಿಹರ ದ್ರವ್ಯದ ಪ್ರಮಾಣವಿಚಾರ

ಪ್ರಮಾಣವೆಂಬ ಶಬ್ದವು ಕನ್ನಡದಲ್ಲಿ ಎರಡರ್ಥಗಳಲ್ಲಿ ರೂಢವಾಗಿದೆ. ಯಥಾರ್ಥಜ್ಞಾನಕ್ಕೆ ಸಾಧನವಾದುದು ಪ್ರಮಾಣವೆಂಬುದು ಶಾಸ್ತ್ರಕಾರರ ಅರ್ಥ. ಅಳತೆ ಅಥವಾ ಮೊತ್ತವೆಂಬುದು ಲೋಕವ್ಯವಹಾರದ ಅರ್ಥ. ಔಷಧದ ವಿಷಯದಲ್ಲಿ ಈ ಎರಡರ್ಥಗಳೂ ಒಂದನ್ನೊಂದು ಬಿಟ್ಟಿರಲಾರವು. ಇಂಥ ದ್ರವ್ಯವು ಇಂಥ ವ್ಯಾಧಿಯನ್ನು ವಾಸಿಮಾಡುವುದೆಂಬುದಕ್ಕೆ ಪ್ರಮಾಣವೇನು ಎಂಬ ಪ್ರಶ್ನೆಯ ಬೆನ್ನಿಗೇ, ಅದನ್ನು ಎಷ್ಟು ಪ್ರಮಾಣದಲ್ಲಿ ಕೊಟ್ಟರೆ ಗುಣ, ಎಷ್ಟಕ್ಕೆ ಮೀರಿದರೆ ದೋಷ ಎಂಬ ಪ್ರಶ್ನೆಯೂ ಏಳುತ್ತದೆ. ಮನುಷ್ಯದೇಹದಲ್ಲಿಯೇ ಹುಟ್ಟುವ ಎಲ್‌ಎಲ್-37 ಎಂಬ ಕ್ರಿಮಿಹರ ಪೆಪ್ಟೈಡಿನ ಇತಿಹಾಸವು ಈ ಎರಡು ಪ್ರಶ್ನೆಗಳ ಇತಿಹಾಸವೇ ಆಗಿದೆ.

ಈ ದ್ರವ್ಯದ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ವಾದವು ಸುಲಭವಾದುದು. ಇದು ಹೊರಗಿನಿಂದ ಬಂದ ವಿಷವಲ್ಲ. ದೇಹವೇ ತನ್ನ ರಕ್ಷಣೆಗಾಗಿ ಮಾಡಿಕೊಂಡದ್ದು. ಆದುದರಿಂದ ಇದು ನಿರಪಾಯಕರವೆಂಬುದೇ ಆ ವಾದ. ಈ ವಾದವನ್ನು ನಂಬಿ, ಸಂಶೋಧನೆಗೆ ಮಾತ್ರವೆಂಬ ಚೀಟಿಯಂಟಿಸಿದ ಸೀಸೆಗಳನ್ನು ಅಂತರ್ಜಾಲದ ಅಂಗಡಿಗಳಿಂದ ತರಿಸಿ ಚುಚ್ಚಿಕೊಳ್ಳುವವರು ಲೋಕದಲ್ಲಿದ್ದಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಒಣಸೀಮೆಯ ಊರುಗಳಲ್ಲಿಯೂ ಸಿಹಿಮೂತ್ರದಿಂದ ಕಾಲುಹುಣ್ಣು ಮಾಯದೆ ನರಳುವವರಿಗೆ ಇಂಥ ಸುದ್ದಿ ಆಸೆ ಹುಟ್ಟಿಸತಕ್ಕದ್ದೇ ಆಗಿದೆ. ಹೊಸ ಔಷಧದ ಕಾಗದವನ್ನು ಓದಿ ಅರ್ಥ ಹೇಳಿರೆಂದು ಜನರು ಉಪಾಧ್ಯಾಯರ ಬಳಿಗೇ ಬರುವುದು ವಾಡಿಕೆಯಾದುದರಿಂದ, ಇದು ವೈದ್ಯರಿಗೆ ಮಾತ್ರ ಬಿಟ್ಟ ವಿಷಯವಲ್ಲ.

ಚಂದ್ರವಳ್ಳಿಯ ನಿದರ್ಶನ

ಪ್ರಮಾಣವನ್ನು ಪರೀಕ್ಷಿಸುವ ಕ್ರಮವು ಈ ಸೀಮೆಯ ವಿದ್ವಾಂಸರಿಗೆ ಹೊಸದಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣರವರು 1929ರ ವರದಿಯಲ್ಲಿ ಇದರ ಪಾಠವನ್ನು ಕೊಟ್ಟು, ಮಯೂರಶರ್ಮನು ತಟಾಕವನ್ನು ಕಟ್ಟಿಸಿದುದನ್ನೂ, ತ್ರೇಕೂಟ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ ಮೊದಲಾದ ಹೆಸರುಗಳನ್ನೂ ಅದರಲ್ಲಿ ಓದಿದರು. ಈ ಹೆಸರುಗಳ ಬಲದ ಮೇಲೆ ಮಯೂರಶರ್ಮನ ದಿಗ್ವಿಜಯದ ಚಿತ್ರವು ಇತಿಹಾಸಗ್ರಂಥಗಳಲ್ಲಿ ಹಬ್ಬಿತು. ಮುಂದೆ ಬೇರೆ ಶಾಸನಜ್ಞರು ಸವೆದ ಅಕ್ಷರಗಳನ್ನು ಮತ್ತೆ ನೋಡಿ ಈ ಪಾಠವನ್ನು ಪ್ರಶ್ನಿಸಿದರು. ಮಯೂರಶರ್ಮನ ಹೆಸರೂ ಕೆರೆಯ ಸಂಗತಿಯೂ ನಿಂತುವು. ದಿಗ್ವಿಜಯವು ಸಂಶಯಕ್ಕೆ ಒಳಗಾಯಿತು.

ಇದರಿಂದ ಮೊದಲ ಓದುಗರಿಗೆ ಅಗೌರವವೇನೂ ಇಲ್ಲ. ಮೂಲದಲ್ಲಿ ಸ್ಪಷ್ಟವಾಗಿ ಕಾಣುವುದು ಎಷ್ಟು, ಓದುವವನ ನಿರೀಕ್ಷೆ ತುಂಬಿದುದು ಎಷ್ಟು ಎಂಬ ವಿವೇಕವೇ ಶಾಸನಶಾಸ್ತ್ರದ ಪ್ರಾಣ. ಔಷಧದ ಪ್ರಯೋಗಗಳನ್ನು ಓದುವಾಗಲೂ ಇದೇ ವಿವೇಕವು ಬೇಕಾಗುತ್ತದೆ.

ಶೋಧನೆಯ ಕ್ರಮ

ದೇಹದ ದ್ರವಗಳಲ್ಲಿ ಕ್ರಿಮಿಹರ ಶಕ್ತಿಯಿದೆಯೆಂಬುದು 19ನೆಯ ಶತಮಾನದ ಕೊನೆಯ ಭಾಗದಿಂದಲೇ ತಿಳಿಯಬಂದಿತು. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಮೂಗಿನ ಸಿಂಬಳ, ಕಣ್ಣೀರು ಮೊದಲಾದುವುಗಳಲ್ಲಿರುವ ಲೈಸೊಜೈಮ್ ಎಂಬ ದ್ರವ್ಯವನ್ನು ವರ್ಣಿಸಿದರು. ಅದು ಕೆಲವು ಸೂಕ್ಷ್ಮಜೀವಿಗಳನ್ನು ಕರಗಿಸುತ್ತಿದ್ದಿತು. 1981ರಲ್ಲಿ ಸ್ವೀಡನ್ನಿನ ಹಾನ್ಸ್ ಬೋಮನ್ ಮತ್ತು ಅವರ ಸಹಕಾರಿಗಳು ಸೆಕ್ರೋಪಿಯ ಎಂಬ ದೊಡ್ಡ ಪತಂಗದ ಗೂಡುಹುಳುವಿನಿಂದ ಸೆಕ್ರೋಪಿನ್ ಎಂಬ ಪೆಪ್ಟೈಡುಗಳನ್ನು ಪ್ರತ್ಯೇಕಿಸಿದರು. 1985ರಲ್ಲಿ ಮನುಷ್ಯನ ಬಿಳಿಯ ರಕ್ತಕಣಗಳ ಡಿಫೆನ್ಸಿನ್‌ಗಳೂ, 1987ರಲ್ಲಿ ಮೈಕೇಲ್ ಜಾಸ್ಲಾಫ್‌ರವರು ಕಪ್ಪೆಯ ಚರ್ಮದಲ್ಲಿ ಕಂಡ ಮಗೈನಿನ್‌ಗಳೂ ಪ್ರಕಟವಾದುವು. ಹುಳುವಿನಿಂದ ಮನುಷ್ಯನವರೆಗೆ ಅನೇಕ ಪ್ರಾಣಿಗಳು ಇಂಥ ಕಿರುಸರಪಣಿಗಳಿಂದ ತಮ್ಮನ್ನು ಕಾಪಾಡಿಕೊಳ್ಳುತ್ತವೆಯೆಂಬ ಸಿದ್ಧಾಂತವು ಹೀಗೆ ನೆಲೆಗೊಂಡಿತು.

ಎಲ್‌ಎಲ್-37ರ ಕಥೆಯಲ್ಲಿ ಪಾಠಶೋಧನೆಯ ಒಂದು ಪ್ರಸಂಗವಿದೆ. 1995ರಲ್ಲಿ ಸ್ವೀಡನ್ನಿನ ವಿದ್ವಾಂಸರು ಮನುಷ್ಯನ ಆನುವಂಶಿಕ ಲಿಪಿಯನ್ನು ಓದಿ, ಅದರಿಂದ 39 ಅಮೈನೊ ಆಮ್ಲಗಳ ಪೆಪ್ಟೈಡೊಂದು ಹುಟ್ಟಬೇಕೆಂದು ಊಹಿಸಿ, ಅದರ ಮೊದಲ ನಾಲ್ಕು ಆಮ್ಲಗಳ ಸಂಕೇತಾಕ್ಷರಗಳಿಂದ ಫಾಲ್-39 ಎಂದು ಹೆಸರಿಟ್ಟರು. ಮರುವರ್ಷ ರಕ್ತಕಣಗಳಿಂದಲೇ ಪೆಪ್ಟೈಡನ್ನು ತೆಗೆದು ನೋಡಿದಾಗ ಆದಿಯ ಎರಡು ಆಮ್ಲಗಳು ಅದರಲ್ಲಿರಲಿಲ್ಲ. ಉಳಿದ 37 ಆಮ್ಲಗಳ ಸರಪಣಿಯು ಎರಡು ಲ್ಯೂಸೀನ್‌ಗಳಿಂದ ಆರಂಭವಾಗುತ್ತಿದ್ದುದರಿಂದ ಎಲ್‌ಎಲ್-37 ಎಂಬ ಹೆಸರು ನಿಂತಿತು. ಊಹಿತಪಾಠವು ಮೂಲಪ್ರತಿಯನ್ನು ಕಂಡಾಗ ತಿದ್ದಲ್ಪಟ್ಟುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕಿಲ್ಲ.

ಇದರ ಸ್ವರೂಪವು ಸಂಕ್ಷೇಪವಾಗಿ ಹೀಗಿದೆ. ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳಲ್ಲಿಯೂ, ಚರ್ಮ, ಶ್ವಾಸಮಾರ್ಗ, ಕರುಳು ಮೊದಲಾದೆಡೆಗಳ ಹೊದಿಕೆಯ ಕೋಶಗಳಲ್ಲಿಯೂ ಇದು ಒಂದು ದೊಡ್ಡ ಪ್ರೋಟೀನಿನ ಕೊನೆಯ ಭಾಗವಾಗಿ ಸುಪ್ತವಾಗಿರುತ್ತದೆ. ಅಗತ್ಯ ಬಂದಾಗ ಕಿಣ್ವವೊಂದು ಅದನ್ನು ಕತ್ತರಿಸಿ ಬಿಡಿಸುತ್ತದೆ. ಬಿಡುಗಡೆಯಾದ ಪೆಪ್ಟೈಡು ಧನವಿದ್ಯುದಂಶವುಳ್ಳದ್ದು; ಬ್ಯಾಕ್ಟೀರಿಯಗಳ ಹೊರಪೊರೆಯು ಋಣವಿದ್ಯುದಂಶವುಳ್ಳದ್ದು. ಈ ಆಕರ್ಷಣೆಯಿಂದ ಅದು ಪೊರೆಗೆ ಅಂಟಿ, ಸುರುಳಿಯಾಕಾರವನ್ನು ತಾಳಿ, ಪೊರೆಯನ್ನು ಭೇದಿಸುತ್ತದೆ. ಇಷ್ಟೇ ಅಲ್ಲದೆ ರಕ್ತಕಣಗಳನ್ನು ಗಾಯದ ಕಡೆಗೆ ಕರೆಯುವುದು, ಹೊಸ ರಕ್ತನಾಳಗಳ ಬೆಳವಣಿಗೆಯನ್ನು ಪ್ರೇರಿಸುವುದು ಮೊದಲಾದ ಬೇರೆ ವ್ಯಾಪಾರಗಳೂ ಇದಕ್ಕುಂಟು. ಕ್ಯಾಥೆಲಿಸಿಡಿನ್ ಎಂಬ ವರ್ಗದಲ್ಲಿ ಮನುಷ್ಯನಿಗಿರುವುದು ಇದೊಂದೇ.

ಪ್ರಾಚೀನಗ್ರಂಥಗಳಲ್ಲಿ ಇದರ ಮೂಲವನ್ನು ಹುಡುಕುವ ಉತ್ಸಾಹವು ಕೆಲವರಿಗೆ ಬರಬಹುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವ್ಯಾಧಿಕ್ಷಮತ್ವವೆಂಬ ವಿಚಾರವಿದೆ. ಚಕ್ರಪಾಣಿದತ್ತನು ಅದನ್ನು ವ್ಯಾಧಿಯ ಬಲವನ್ನು ಎದುರಿಸುವ ಹಾಗೂ ವ್ಯಾಧಿಯು ಹುಟ್ಟದಂತೆ ತಡೆಯುವ ಶಕ್ತಿಯೆಂದು ವಿವರಿಸಿದ್ದಾನೆ. ಎಲ್ಲ ಶರೀರಗಳೂ ವ್ಯಾಧಿಯನ್ನು ಸಮನಾಗಿ ಸಹಿಸಲಾರವೆಂಬ ಆ ನಿರೀಕ್ಷಣೆಯು ಆದರಣೀಯವಾದುದು. ಆದರೆ ಅಲ್ಲಿ ಪೆಪ್ಟೈಡಿನ ಜ್ಞಾನವಿತ್ತೆಂದು ಹೇಳುವುದು ಸವೆದ ಬಂಡೆಯ ಮೇಲೆ ಬೇಕಾದ ಅಕ್ಷರವನ್ನು ಕಾಣುವಂತೆಯೇ ಸರಿ. 19ನೆಯ ಶತಮಾನದ ಆದಿಭಾಗದಲ್ಲಿ ಸಿಡುಬಿನ ದೇವಿ ಹಾಕಿಸುವ ಕ್ರಮಕ್ಕೆ ಧನ್ವಂತರಿಯ ಹೆಸರಿನಲ್ಲಿ ಸಂಸ್ಕೃತವಾಕ್ಯವೊಂದು ಪ್ರಚಾರವಾಯಿತು. ಅದಕ್ಕೆ ಪ್ರಾಚೀನ ಆಧಾರವಿಲ್ಲವೆಂದು ವಿದ್ವಾಂಸರು ಅನಂತರ ತೋರಿಸಿದರು. ದೇವಿ ಹಾಕುವುದು ಹಿತಕರವೆಂಬುದು ಸತ್ಯ. ಆ ಸತ್ಯಕ್ಕೆ ಕೃತಕಶ್ಲೋಕದ ಅಪೇಕ್ಷೆಯಿರಲಿಲ್ಲ.

ಅನುಮಾನವೂ ಪ್ರತ್ಯಕ್ಷವೂ

ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಒಂದು ದ್ರವ್ಯವು ಕ್ರಿಮಿಗಳನ್ನು ಕೊಂದರೆ ರೋಗಿಯ ದೇಹದಲ್ಲಿಯೂ ಅದೇ ಫಲವು ದೊರೆಯುವುದೆಂಬುದು ಅನುಮಾನ. ರೋಗಿಗಳಲ್ಲಿಯೇ ನೋಡುವುದು ಪ್ರತ್ಯಕ್ಷ. ಈ ಪೆಪ್ಟೈಡಿನ ವಿಷಯದಲ್ಲಿ ಇವೆರಡರ ಅಂತರವು ಕ್ಷಯರೋಗದ ಪ್ರಸಂಗದಿಂದ ಚೆನ್ನಾಗಿ ತಿಳಿಯುತ್ತದೆ.

ಬಿಸಿಲಿನಿಂದ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟುತ್ತದೆ. ಆ ವಿಟಮಿನ್ನು ಮನುಷ್ಯಕೋಶಗಳಲ್ಲಿ ಕ್ಯಾಥೆಲಿಸಿಡಿನ್ನಿನ ಉತ್ಪತ್ತಿಯನ್ನು ಹೆಚ್ಚಿಸುವುದೆಂದೂ, ಅದರಿಂದ ಕ್ಷಯದ ಬ್ಯಾಕ್ಟೀರಿಯಗಳಿಗೆ ಹಾನಿಯಾಗುವುದೆಂದೂ 2006ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಹಿಂದಿನ ಕ್ಷಯಾಲಯಗಳಲ್ಲಿ ರೋಗಿಗಳನ್ನು ಬಿಸಿಲಿನಲ್ಲಿ ಮಲಗಿಸುತ್ತಿದ್ದ ಪದ್ಧತಿಗೆ ಕಾರಣವು ಸಿಕ್ಕಿತೆಂದು ಅನೇಕರು ಹರ್ಷಿಸಿದರು. ಹಾಗಾದರೆ ಔಷಧದ ಜೊತೆಗೆ ವಿಟಮಿನ್ ಡಿ ಕೊಟ್ಟರೆ ಕ್ಷಯವು ಬೇಗ ವಾಸಿಯಾಗಬೇಕಷ್ಟೆ. ಭಾರತದ 13 ಕೇಂದ್ರಗಳಲ್ಲಿ 247 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿ, ಯಾರಿಗೆ ಏನು ಕೊಡಲಾಗಿದೆಯೆಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಯ ಫಲವು 2015ರಲ್ಲಿ ಹೊರಬಂದಿತು; ಕಫದಲ್ಲಿ ಕ್ರಿಮಿ ಇಲ್ಲವಾಗುವ ಕಾಲದಲ್ಲಿ ಎರಡು ಪಂಗಡಗಳಿಗೂ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲ. ಮಂಗೋಲಿಯದಲ್ಲಿ 8,851 ಮಕ್ಕಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೂ ವಿಟಮಿನ್ ಡಿ ಕ್ಷಯದ ಸೋಂಕನ್ನು ತಡೆಯಲಿಲ್ಲ. ಕೋಶದಲ್ಲಿ ಕಂಡ ಕಾರ್ಯಕಾರಣವು ಸುಳ್ಳಲ್ಲ. ಆದರೆ ಅದರಿಂದ ಚಿಕಿತ್ಸೆಯವರೆಗೆ ಹಾಕಿದ ಸೇತುವೆಯು ನಿಲ್ಲಲಿಲ್ಲ.

ಹುಣ್ಣಿನ ಚಿಕಿತ್ಸೆಯಲ್ಲಿ ಫಲವು ಇನ್ನೂ ವಿಚಾರಾರ್ಹವಾಗಿದೆ. ಬಹುಕಾಲದಿಂದ ಮಾಯದ ಹುಣ್ಣುಗಳ ಅಂಚಿನಲ್ಲಿ ಈ ಪೆಪ್ಟೈಡು ಕಡಮೆಯಿರುವುದೆಂದು 2003ರಲ್ಲಿ ತಿಳಿದುಬಂದುದರಿಂದ, ಕಡಮೆಯಾದುದನ್ನು ಹೊರಗಿನಿಂದ ತುಂಬುವ ಯೋಚನೆ ಹುಟ್ಟಿತು. 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಾಲಿನ ರಕ್ತನಾಳದ ದೋಷದಿಂದ ಹುಣ್ಣಾಗಿದ್ದ 34 ರೋಗಿಗಳಿಗೆ ಮೂರು ಬೇರೆ ಬೇರೆ ಸಾಂದ್ರತೆಗಳ ಲೇಪವನ್ನೂ, ಕೆಲವರಿಗೆ ಔಷಧವಿಲ್ಲದ ತೋರಿಕೆಯ ಲೇಪವನ್ನೂ ಹಚ್ಚಲಾಯಿತು. ಮಿಲಿಲೀಟರಿಗೆ 0.5 ಮಿಲಿಗ್ರಾಂ ಮತ್ತು 1.6 ಮಿಲಿಗ್ರಾಂ ಲೇಪಗಳಿಂದ ಹುಣ್ಣುಗಳು ಬೇಗ ಕುಗ್ಗಿದುವು. 3.2 ಮಿಲಿಗ್ರಾಂ ಲೇಪವು ಮಾತ್ರ ತೋರಿಕೆಯ ಲೇಪಕ್ಕಿಂತ ಮೇಲಾಗಲಿಲ್ಲ. ಹೆಚ್ಚು ಹಚ್ಚಿದರೆ ಹೆಚ್ಚು ಗುಣವೆಂಬ ಲೌಕಿಕ ನಂಬಿಕೆಯು ಇಲ್ಲಿ ಭಂಗವಾಯಿತು.

34 ಜನರ ಪರೀಕ್ಷೆಯು ಒಂದು ಸಣ್ಣ ಶಾಸನದಂತೆ. ಅದೊಂದರಿಂದಲೇ ವಂಶಾವಳಿಯನ್ನು ಕಟ್ಟಲಾಗದು. ಆದುದರಿಂದ ಪೋಲೆಂಡ್ ಮತ್ತು ಸ್ವೀಡನ್ ದೇಶಗಳಲ್ಲಿ 148 ರೋಗಿಗಳ ದೊಡ್ಡ ಪರೀಕ್ಷೆಯು ನಡೆದು 2021ರಲ್ಲಿ ಪ್ರಕಟವಾಯಿತು. ಒಟ್ಟು ರೋಗಿಗಳನ್ನು ನೋಡಿದಾಗ ಲೇಪದಿಂದ ಗಣನೀಯವಾದ ಲಾಭವು ಸಿದ್ಧವಾಗಲಿಲ್ಲ. ದೊಡ್ಡ ಹುಣ್ಣುಗಳಿದ್ದವರನ್ನು ಅನಂತರ ಬೇರೆಯಾಗಿ ತೆಗೆದು ನೋಡಿದಾಗ ಲಾಭದ ಸೂಚನೆಯಿತ್ತು. ಆದರೆ ಫಲವನ್ನು ಕಂಡ ಮೇಲೆ ಮಾಡಿದ ವಿಂಗಡಣೆಯು ಹೊಸ ಪರೀಕ್ಷೆಗೆ ಪ್ರೇರಣೆಯಾಗಬಹುದೇ ಹೊರತು ನಿರ್ಣಯವಾಗಲಾರದು. ಇಂಡೊನೇಷಿಯದಲ್ಲಿ ಸಿಹಿಮೂತ್ರದ ಕಾಲುಹುಣ್ಣುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹುಣ್ಣು ಮಾಯುವಿಕೆಯು ಉತ್ತಮವಾಯಿತೆಂದು ವರದಿಯಾಗಿದೆ; ಆದರೆ ಹುಣ್ಣಿನಲ್ಲಿದ್ದ ಬ್ಯಾಕ್ಟೀರಿಯಗಳು ಕಡಮೆಯಾಗಲಿಲ್ಲ. ಕ್ರಿಮಿಹರವೆಂಬ ಹೆಸರಿನಿಂದ ಕರೆದ ದ್ರವ್ಯವು ಲಾಭ ಕೊಟ್ಟಲ್ಲಿಯೂ ಕ್ರಿಮಿಹರಣದಿಂದಲೇ ಕೊಟ್ಟಿತೆಂದು ಹೇಳುವಂತಿಲ್ಲ.

ಕರ್ಣಾಟಕದಲ್ಲಿಯೂ ಈ ವರ್ಗದ ದ್ರವ್ಯಗಳ ಶೋಧನೆಯು ನಡೆದಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಎರಡನೆಯ ಆವರಣವನ್ನು ಹೊಂದಿರುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ, ದೀಪಶಿಖಾ ಚಕ್ರವರ್ತಿ ಮೊದಲಾದವರು ಗಣಕಯಂತ್ರದ ಸಹಾಯದಿಂದ ರಚಿಸಿದ ಒಮೆಗಾ-76 ಎಂಬ ಪೆಪ್ಟೈಡಿನ ವರದಿಯನ್ನು 2019ರಲ್ಲಿ ಪ್ರಕಟಿಸಿದರು. ಅನೇಕ ಔಷಧಗಳಿಗೆ ಬಗ್ಗದ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದ ಮೇಲೆ ಅದು ಪರಿಣಾಮಕಾರಿಯಾಯಿತು. ಆ ವರದಿಯಲ್ಲಿ ಪ್ರಾಣಿಪರೀಕ್ಷೆ ನಡೆದುದು ಇಲಿಗಳಲ್ಲಿ. ಇಲಿಗಳಲ್ಲಿ ಕಂಡುದನ್ನು ಇಲಿಗಳಲ್ಲಿ ಕಂಡುದೆಂದೇ ಹೇಳುವುದು ವಿದ್ವನ್ಮರ್ಯಾದೆ.

ಸ್ವದೇಹಜತ್ವವೆಂಬ ಹೇತು

ಇನ್ನು ಅಪಾಯದ ವಿಚಾರ. ಇದು ನಿರಪಾಯಕರ, ಏಕೆಂದರೆ ದೇಹದಲ್ಲಿಯೇ ಹುಟ್ಟಿದ್ದು ಎಂಬ ಅನುಮಾನದಲ್ಲಿ ಸ್ವದೇಹಜತ್ವವು ಹೇತು. ನೈಯಾಯಿಕರ ಪರೀಕ್ಷೆಗೆ ಒಡ್ಡಿದರೆ ಈ ಹೇತುವು ಸವ್ಯಭಿಚಾರವೆಂದು ಕೂಡಲೇ ತಿಳಿಯುತ್ತದೆ. ಜಠರದ ಆಮ್ಲವು ದೇಹಜವೇ. ಅದು ಜಠರವನ್ನು ಬಿಟ್ಟು ಅನ್ನನಾಳಕ್ಕೇರಿದರೆ ಸುಡುತ್ತದೆ. ಇನ್ಸುಲಿನ್ ದೇಹಜವೇ, 1922ರಿಂದ ಅಸಂಖ್ಯಾತ ಪ್ರಾಣಗಳನ್ನು ಉಳಿಸಿದ ಅದೇ ದ್ರವ್ಯವು ಮಾತ್ರೆ ಮೀರಿದರೆ ಪ್ರಾಣವನ್ನೇ ತೆಗೆಯುತ್ತದೆ.

ಎಲ್‌ಎಲ್-37ರ ಕೊರತೆಯಿಂದಲೂ ಅತಿಶಯದಿಂದಲೂ ದೋಷಗಳು ಕಂಡುಬಂದಿವೆ. ಕಾಸ್ಟ್‌ಮನ್ ವ್ಯಾಧಿಯೆಂಬ ಅಪರೂಪದ ಜನ್ಮರೋಗದವರಲ್ಲಿ ಈ ಪೆಪ್ಟೈಡು ಇಲ್ಲದಿರುವುದನ್ನೂ, ಅವರಿಗೆ ಒಸಡಿನ ರೋಗವು ತೀವ್ರವಾಗಿರುವುದನ್ನೂ 2002ರ ವರದಿಯೊಂದು ತಿಳಿಸಿತು. ಇದು ಕೊರತೆಯ ಪಕ್ಷ. 2007ರಲ್ಲಿ ಅತಿಶಯದ ಪಕ್ಷದ ಎರಡು ವರದಿಗಳು ಬಂದುವು. ಮುಖದ ಚರ್ಮವು ಕೆಂಪಾಗಿ ಉರಿಯುವ ರೊಸೇಸಿಯವೆಂಬ ರೋಗದಲ್ಲಿ ಕ್ಯಾಥೆಲಿಸಿಡಿನ್ ಅತಿಯಾಗಿದ್ದು, ಅದು ಅಸಹಜವಾಗಿ ಕತ್ತರಿಸಲ್ಪಡುವುದೆಂದು ಒಂದು ತೋರಿಸಿತು. ಸೋರಿಯಾಸಿಸ್ ರೋಗದಲ್ಲಿ ಎಲ್‌ಎಲ್-37 ದೇಹದ ಸ್ವಂತ ಡಿಎನ್‌ಎಯೊಡನೆ ಕೂಡಿ, ರಕ್ಷಕಕೋಶಗಳು ಅದನ್ನು ಶತ್ರುವೆಂದು ಭ್ರಮಿಸುವಂತೆ ಮಾಡುವುದೆಂದು ಮತ್ತೊಂದು ತೋರಿಸಿತು. ಕೋಟೆಯ ಕಾವಲುಗಾರನೇ ಊರವರನ್ನು ಶತ್ರುಗಳೆಂದು ಕೂಗಿ ಹೇಳಿದಂತೆ ಇದು. ಅರ್ಬುದರೋಗದ ವಿಷಯದಲ್ಲಿ ಸಾಕ್ಷ್ಯವು ಇಬ್ಬಗೆಯಾಗಿದೆ: ಅಂಡಾಶಯ, ಶ್ವಾಸಕೋಶ, ಸ್ತನಗಳ ಅರ್ಬುದಕೋಶಗಳ ಬೆಳವಣಿಗೆಗೆ ಇದು ಸಹಾಯಕವಾಗುವುದೆಂದೂ, ದೊಡ್ಡಕರುಳು, ಜಠರಗಳ ಅರ್ಬುದಗಳನ್ನು ಹತ್ತಿಕ್ಕುವುದೆಂದೂ ಪ್ರಯೋಗಶಾಲೆಯ ಅಧ್ಯಯನಗಳು ಹೇಳುತ್ತವೆ. ಸಾಂದ್ರತೆ ಹೆಚ್ಚಾದಲ್ಲಿ ಇದು ಬ್ಯಾಕ್ಟೀರಿಯದ ಪೊರೆಯನ್ನಲ್ಲದೆ ಮನುಷ್ಯಕೋಶದ ಪೊರೆಯನ್ನೂ ಭೇದಿಸಬಲ್ಲದು. 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಔಷಧಾಲಯಗಳು ತಾವೇ ಮಿಶ್ರಮಾಡಿ ಕೊಡಲು ಹೆಸರಿಸಲ್ಪಟ್ಟ ದ್ರವ್ಯಗಳಲ್ಲಿ ಇದನ್ನು ಗಣನೀಯವಾದ ಸುರಕ್ಷತಾಶಂಕೆಯುಳ್ಳವುಗಳ ಪಟ್ಟಿಗೆ ಸೇರಿಸಿದುದು ಇಂಥ ಕಾರಣಗಳಿಂದಲೇ.

ದೇಹವು ಈ ದ್ರವ್ಯವನ್ನು ಸುಪ್ತರೂಪದಲ್ಲಿಟ್ಟು, ಬೇಕಾದೆಡೆಯಲ್ಲಿ, ಬೇಕಾದ ಹೊತ್ತಿನಲ್ಲಿ, ಬೇಕಾದಷ್ಟನ್ನೇ ಬಿಡಿಸಿಕೊಳ್ಳುತ್ತದೆ. ದೇಶ, ಕಾಲ, ಮಾತ್ರೆಗಳ ಈ ಕಟ್ಟು ಇರುವುದರಿಂದಲೇ ಅದು ರಕ್ಷಕ. ಸೀಸೆಯಲ್ಲಿ ತುಂಬಿ ಸೂಜಿಯಿಂದ ಏರಿಸುವಾಗ ದ್ರವ್ಯವು ಮಾತ್ರ ಬರುತ್ತದೆ. ಆ ಕಟ್ಟು ಅದರೊಡನೆ ಬರುವುದಿಲ್ಲ.

ಹಿರಿಯೂರು ಸೀಮೆಯ ವಿಪರ್ಯಯದೃಷ್ಟಾಂತ

ದೇಹಜವಾದುದು ಅಹಿತವಾಗಬಹುದಾದಂತೆಯೇ ವಿಷವಾದುದು ಹಿತವಾಗಬಹುದೆಂಬುದಕ್ಕೆ ಹಿರಿಯೂರು ಸೀಮೆಯ ಇತಿಹಾಸದಲ್ಲಿ ದೃಷ್ಟಾಂತವಿದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣವಾಯಿತು. ಅದರ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೆ ಹಬ್ಬಿದೆ. ಕಾಲುವೆಯ ನೀರಿನೊಡನೆ ಸೊಳ್ಳೆಯೂ, ಸೊಳ್ಳೆಯೊಡನೆ ಚಳಿಜ್ವರವೂ ಬರುವುದು ನೀರಾವರಿಯ ಸೀಮೆಗಳಲ್ಲಿ ಸಾಮಾನ್ಯ. 1930ರ ಸುಮಾರಿನಲ್ಲಿ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯದ ಕ್ಷೇತ್ರಾಧ್ಯಯನವನ್ನು ಕೈಕೊಂಡಾಗ ಹಿರಿಯೂರೂ ಅದರ ಒಂದು ಕೇಂದ್ರವಾಗಿದ್ದಿತು.

ಆ ಕಾಲದ ಮಲೇರಿಯನಿಗ್ರಹದಲ್ಲಿ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿಯು ಮುಖ್ಯವಾದುದು. ಇದು ತಾಮ್ರವೂ ಪಾಷಾಣವೂ ಕೂಡಿದ ಘೋರವಿಷ. ಆದರೆ ನೂರು ಪಾಲು ಧೂಳಿಗೆ ಒಂದು ಪಾಲಿನಂತೆ ಬೆರಸಿ ನಿಂತ ನೀರಿನ ಮೇಲೆ ತೂರಿದರೆ, ನೀರಿನ ಮೇಲ್ಮೈಯಲ್ಲಿ ಮೇಯುವ ಅನಾಫಿಲಿಸ್ ಸೊಳ್ಳೆಯ ಮರಿಗಳು ಅದನ್ನು ತಿಂದು ಸಾಯುತ್ತಿದ್ದುವು. ಇಷ್ಟರಿಂದಲೇ ಅಂದಿನವರು ತೃಪ್ತರಾಗುತ್ತಿರಲಿಲ್ಲ. ಮರಿಹುಳುಗಳನ್ನು ಎಣಿಸುವುದು, ಮಕ್ಕಳ ಹೊಟ್ಟೆಯನ್ನು ಮುಟ್ಟಿ ಪ್ಲೀಹವು ಉಬ್ಬಿದವರೆಷ್ಟು ಮಂದಿಯೆಂದು ಲೆಕ್ಕ ಬರೆಯುವುದು ಮಲೇರಿಯ ಸಮೀಕ್ಷೆಯ ಕ್ರಮವಾಗಿದ್ದಿತು. ವಿಷವು ಮಾತ್ರೆಯಿಂದ ರಕ್ಷಕವಾಯಿತು. ರಕ್ಷಕವಾಯಿತೆಂಬುದು ಎಣಿಕೆಯಿಂದ ಸಿದ್ಧವಾಗಬೇಕಾಗಿದ್ದಿತು. ಯುಕ್ತಿಯಿಂದ ಬಳಸಿದ ವಿಷವೂ ಔಷಧವಾಗುವುದು, ಯುಕ್ತಿಗೆಟ್ಟರೆ ಔಷಧವೂ ವಿಷವಾಗುವುದು ಎಂಬ ಚರಕನ ಅಭಿಪ್ರಾಯಕ್ಕೆ ಇದು ಅನುಗುಣವಾಗಿದೆ.

ದ್ರವ್ಯ ಬೇರೆ, ಸೀಸೆ ಬೇರೆ

ದ್ರವ್ಯವು ನಿರ್ದುಷ್ಟವಾದರೂ ಸೀಸೆಯು ನಿರ್ದುಷ್ಟವಾಗಿರಬೇಕೆಂಬ ನಿಯಮವಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಅದಕ್ಕೆ ವಾಲ್ಡಮಾರ್ ಹಾಫ್‌ಕಿನ್‌ರವರ ಚುಚ್ಚುಮದ್ದು ಸಿದ್ಧವಾಗಿ ಒಂದು ವರ್ಷವಾಗಿದ್ದಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ ಗ್ರಾಮದಲ್ಲಿ ಆ ಮದ್ದನ್ನು ಹಾಕಿಸಿಕೊಂಡವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಒಂದೇ ಸೀಸೆಯಿಂದ ಮದ್ದು ಹೋಗಿದ್ದಿತು. ಉಳಿದ ಸೀಸೆಗಳಿಂದ ಪಡೆದವರಿಗೆ ಆ ಗತಿ ಬರಲಿಲ್ಲ. ದೋಷವು ಮದ್ದಿನದೆಂದು ತಿಳಿದು ಹಾಫ್‌ಕಿನ್‌ರವರನ್ನು ಕೆಲಸದಿಂದ ದೂರವಿರಿಸಲಾಯಿತು. 1907ರಲ್ಲಿ ಅವರು ದೋಷಮುಕ್ತರಾದರು. ಸರ್ಕಾರದ ಪ್ರಯೋಗಶಾಲೆಯಿಂದ ಬಂದ, ಗುರುತಿನ ಸಂಖ್ಯೆಯುಳ್ಳ ಸೀಸೆಯಲ್ಲಿಯೇ ಹೀಗಾಗಬಹುದಾದರೆ, ತಯಾರಿಸಿದವರಾರೆಂದೂ ಶೋಧಿಸಿದವರಾರೆಂದೂ ತಿಳಿಯದ ಸೀಸೆಯ ವಿಷಯದಲ್ಲಿ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮುಲ್ಕೋವಾಲದಲ್ಲಿ ಸತ್ಯವನ್ನು ಬೆಳಕಿಗೆ ತಂದುದು ಸೀಸೆಯ ಲೆಕ್ಕ. ಲೆಕ್ಕವೇ ಇಲ್ಲದ ಕಡೆ ಸತ್ತವರ ಕಾರಣವೂ ತಿಳಿಯುವುದಿಲ್ಲ.

ನಿರ್ಣಯ

ಮೇಲ್ಕಂಡ ಸಂಗತಿಗಳಿಂದ ಇಷ್ಟು ಸಿದ್ಧವಾಗುತ್ತದೆ. ಎಲ್‌ಎಲ್-37 ದೇಹರಕ್ಷಣೆಯಲ್ಲಿ ಭಾಗಿಯಾದ ದ್ರವ್ಯವೆಂಬುದು ನಿಶ್ಚಿತ. ಹುಣ್ಣಿನ ಲೇಪವಾಗಿ ತಕ್ಕ ಮಾತ್ರೆಯಲ್ಲಿ ಉಪಯುಕ್ತವಾಗಬಹುದೆಂಬುದು ಸಂಭಾವಿತ, ಆದರೆ ದೊಡ್ಡ ಪರೀಕ್ಷೆಯಲ್ಲಿ ಸ್ಥಾಪಿತವಾಗಿಲ್ಲ. ಚುಚ್ಚಿಕೊಂಡರೆ ಸೋಂಕುಗಳೆಲ್ಲವೂ ಹೋಗುವುವೆಂಬುದು ಪ್ರಮಾಣರಹಿತ. ದೇಹಜವಾದುದರಿಂದ ನಿರಪಾಯವೆಂಬುದು ಹೇತ್ವಾಭಾಸ. ನಿಶ್ಚಿತ, ಸಂಭಾವಿತ, ಪ್ರಮಾಣರಹಿತ, ಆಭಾಸ ಎಂಬ ನಾಲ್ಕನ್ನು ಒಂದೇ ಸಾಲಿನಲ್ಲಿ ಕೂರಿಸಿ ಮಾರುವುದೇ ಜಾಹಿರಾತಿನ ಕೌಶಲ. ಅವನ್ನು ಬಿಡಿಸಿ ಓದಿ ಹೇಳುವುದು ಪಾಠಕನ ಕರ್ತವ್ಯ. ಚಂದ್ರವಳ್ಳಿಯ ಬಂಡೆಯ ಮೇಲೆ ಇಲ್ಲದ ಅಕ್ಷರವನ್ನು ಓದಿದರೆ ಹೆಚ್ಚೆಂದರೆ ಒಬ್ಬ ರಾಜನಿಗೆ ಇಲ್ಲದ ಜಯವು ದೊರೆಯುತ್ತದೆ. ಔಷಧದ ವರದಿಯಲ್ಲಿ ಇಲ್ಲದ ಅಕ್ಷರವನ್ನು ಓದಿದರೆ ಅದರ ಬೆಲೆಯನ್ನು ತೆರುವವನು ರೋಗಿ.